ರಾಶಿಗೆ ಕೈ ಹಾಕುವವರು

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ದಾವಣಗೆರೆ ವಿನೋಬನಗರದಲ್ಲಿ ನಮ್ಮದು ಮಂಡಕ್ಕಿ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ರಸ್ತೆ ಕಡೆಯ ಗೋಡೆ ಒಡೆಸಿ ಶಟರ್ ಹಾಕಿಸಿದ್ದೇವೆ. ಗಂಡ ಇದ್ದಾಗ ಭಟ್ಟಿಯಿಂದ ಚೀಲಗಳನ್ನು ಸೈಕಲ್ ಮೇಲೆ ಅವನೇ ತರುತ್ತಿದ್ದ. ಸತ್ತ ಮೇಲೆ ಆಟೋದಲ್ಲಿ ತರಿಸುವುದಾಯಿತು. ಅಳೆದು ಮಾರುವುದು ಮೊದಲಿನಿಂದಲೂ ನಾನೇ.

ಮಗಳಿಗೆ ಆಗ ಮೂವತ್ತೆರಡು. ಅವಳೊಬ್ಬಳೇ. ಚಿಕ್ಕಂದಿನಲ್ಲಿ ಮಾತು ತಡವಾಗಿ ಬಂತು. ಕರೆದರೆ ತಿರುಗುತ್ತಿರಲಿಲ್ಲ, ಮಾತಾಡಿಸಿದವರ ಮುಖ ನೋಡುತ್ತಿರಲಿಲ್ಲ, ಮದುವೆ ಮನೆಯ ವಾದ್ಯ ಕೇಳಿದರೆ ಕಿವಿ ಮುಚ್ಚಿಕೊಂಡು ಓಡಿಬಿಡುತ್ತಿದ್ದಳು. ಕಿವುಡಿ ಎಂದರು, ಗಾಳಿ ಸೋಕಿದೆ ಎಂದರು. ತಾಯತ ಕಟ್ಟಿಸಿದೆವು, ಹರಕೆ ಹೊತ್ತೆವು. ಅವಳು ದೊಡ್ಡವಳಾಗಿ ಎಷ್ಟೋ ವರ್ಷವಾದ ಮೇಲೆ ಒಬ್ಬ ಡಾಕ್ಟರಮ್ಮ ನೋಡಿ, ಇದಕ್ಕೆ ಆಟಿಸಂ ಅನ್ನುತ್ತಾರೆ, ಇದು ರೋಗವಲ್ಲ, ಹುಟ್ಟಿನಿಂದ ಬಂದ ರೀತಿ, ಇದಕ್ಕೆ ಔಷಧಿ ಇಲ್ಲ ಎಂದಳು. ಔಷಧಿ ಇಲ್ಲ ಎಂದದ್ದೇ ಒಳ್ಳೆಯದಾಯಿತು. ತಿರುಗಾಟ ನಿಂತಿತು.

ನನ್ನ ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿಗೆ ಅವಳನ್ನೇ ಕೂರಿಸಿದೆ. ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಮಂಡಕ್ಕಿ ಮರಳಿನಲ್ಲಿ ಹುರಿಯುವ ಪದಾರ್ಥ, ಮರಳು ಉಳಿದೇ ಇರುತ್ತದೆ. ಜರಡಿ ಹಿಡಿದು ಮರಳು ಕಳೆಯುತ್ತಿದ್ದಳು. ಹಳೆಯದನ್ನು ಹೊಸದಕ್ಕೆ ಬೆರೆಸುತ್ತಿರಲಿಲ್ಲ. ನಾನು ಬೆರೆಸುತ್ತಿದ್ದೆ, ಎಲ್ಲರೂ ಬೆರೆಸುತ್ತಾರೆ. ಇವಳು ಮಾತ್ರ ಗಿರಾಕಿಗೇ ಹೇಳಿಬಿಡುತ್ತಿದ್ದಳು:

"ಇದು ನಿನ್ನೇದು. ಮೆತ್ತಗಾಗೈತೆ. ನಾಳೆ ಬರ್ರಿ."

ಹಾಗೆ ಹೇಳಿದರೆ ವ್ಯಾಪಾರ ಹೇಗಾಗಬೇಕು ಎಂದು ನಾನು ಬೈದದ್ದುಂಟು. ಆದರೆ ಆಗುತ್ತಿತ್ತು. ನಾಳೆ ಬರ್ರಿ ಎಂದರೆ ಬರುತ್ತಿದ್ದರು.

ತೊಂದರೆ ಬಂದದ್ದು ಕೈಯಿಂದ. ನಮ್ಮ ಊರಿನಲ್ಲಿ ಮಂಡಕ್ಕಿ ಕೊಳ್ಳಲು ಬಂದವರು ಮೊದಲು ರಾಶಿಗೆ ಕೈ ಹಾಕುತ್ತಾರೆ. ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಸೇರಿಗೆ ಎಷ್ಟು ಎಂದು ಕೇಳುತ್ತಾರೆ. ಉತ್ತರ ಬರುವುದರೊಳಗೆ ಇನ್ನೊಂದು ಹಿಡಿ. ದರ ಗೊತ್ತಿದ್ದವರೂ ಕೇಳುತ್ತಾರೆ, ಕೊಳ್ಳದವರೂ ತಿನ್ನುತ್ತಾರೆ. ಬೀಡಿ ಸೇದಿದ ಕೈ, ಮೂಗು ಒರೆಸಿದ ಕೈ, ದುಡ್ಡು ಎಣಿಸಿದ ಕೈ ಎಲ್ಲವೂ ರಾಶಿಗೆ ಬರುತ್ತವೆ. ನಾನು ಎಂದೂ ಬೇಡ ಎಂದವಳಲ್ಲ. ತಿಂದವನು ಕೊಂಡೇ ಹೋಗುತ್ತಾನೆ ಎಂಬುದು ಈ ವ್ಯಾಪಾರದ ಲೆಕ್ಕ.

ಮಗಳಿಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಬೇರೆಯವರ ಕೈ ರಾಶಿಯೊಳಗೆ ಹೋದರೆ ತನ್ನ ಮೈಯೊಳಗೇ ಹೋದಂತೆ ಆಡುತ್ತಿದ್ದಳು. "ಕೈ ತಗೀರಿ" ಎನ್ನುತ್ತಿದ್ದಳು. ನಗುತ್ತ ಹೇಳಿದ್ದರೆ ನಡೆಯುತ್ತಿತ್ತೇನೋ. ಅವಳಿಗೆ ಬೇಕೆಂದಾಗ ನಗು ಬರುವುದಿಲ್ಲ. ಜನ ಕೊಬ್ಬು ಎಂದುಕೊಂಡರು. ಬೈದುಕೊಂಡೇ ಕೊಂಡರು.

ಒಂದು ಭಾನುವಾರ ಸಂಜೆ ವಿದ್ಯಾನಗರದ ಸ್ಕೂಟರಿನವನು ಬಂದ. ಹಳೆಯ ಗಿರಾಕಿ, ಯಾವುದೋ ಆಫೀಸಿನಲ್ಲಿ ದೊಡ್ಡ ಕೆಲಸದವನು. ಬಂದವನೇ ರಾಶಿಗೆ ಕೈ ಇಟ್ಟ. ಮಗಳು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ರಾಶಿಯ ಮೇಲೆ ಎಳೆದಳು. ಅವನ ಕೈ ಒಳಗೇ ಉಳಿಯಿತು.

"ಕೈ ತಗೀರಿ."

"ಏ ತಂಗೀ, ನಿಮ್ಮಪ್ಪ ಇದ್ದಾಗಿಂದ ಹಿಂಗೇ ತಿಂತಾ ಬಂದೀನಿ ನಾನು."

"ನಮ್ಮಪ್ಪ ಸತ್ತಾನೆ. ಕೈ ತಗೀರಿ."

ಅಲ್ಲಿದ್ದವರು ನಕ್ಕರು. ಅವನಿಗೆ ಅವಮಾನವಾಯಿತು. ಕೈ ಕಿತ್ತುಕೊಂಡ ರಭಸಕ್ಕೆ ಅರ್ಧ ರಾಶಿ ರಸ್ತೆಗೆ ಬಿತ್ತು. ಮಗಳು ಕಿವಿ ಮುಚ್ಚಿಕೊಂಡು ಕೂಗಿದಳು. ಅವನು, "ಇದಕ್ಕೆ ತಲಿ ಸರಿ ಇಲ್ಲ. ಇಂಥದನ್ನ ತಂದು ಬಾಗ್ಲಾಗ ಕೂರ್ಸಾರಲ್ಲ" ಎಂದ. ನಾನು ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಜನ ಸೇರಿದ್ದರು. ತಿಳಿದವರಂತೆ ಕಾಣುತ್ತಿದ್ದರು ಎಂದು, ಅವಳದು ಹುಚ್ಚಲ್ಲ, ಆಟಿಸಂ ಅಂತ, ಡಾಕ್ಟರೇ ಹೇಳಿದ್ದಾರೆ ಎಂದು ಬಿಡಿಸಿ ಹೇಳಿದೆ. ಎಲ್ಲರೂ ಪಾಪ ಎಂದರು.

ಅಲ್ಲಿಗೆ ವ್ಯಾಪಾರ ಕೆಟ್ಟಿತು. ಕೊಬ್ಬು ಎಂದುಕೊಂಡಿದ್ದಾಗ ಬೈಯುತ್ತ ಕೊಳ್ಳುತ್ತಿದ್ದವರು ಬೈಯುವುದನ್ನೂ ಬಿಟ್ಟರು, ಕೊಳ್ಳುವುದನ್ನೂ ಬಿಟ್ಟರು. ಬಂದ ಕೆಲವರು ಅವಳ ಎದುರಿಗೇ ನಿಂತು, ಅವಳ ತಲೆಯ ಮೇಲಿಂದ ಒಳಗೆ ನೋಡಿ, "ಅಮ್ಮನ್ನ ಕರಿ" ಎನ್ನುತ್ತಿದ್ದರು. ಅವಳು ಸೇರು ಕೈಯಲ್ಲಿ ಹಿಡಿದು, "ನಾನೇ ಅಳೀತೀನಿ" ಎಂದರೆ, "ಬ್ಯಾಡ, ಅಮ್ಮ ಬರ್ಲಿ" ಎನ್ನುತ್ತಿದ್ದರು. ಹಿಂದಿನ ಬೀದಿಯ ಒಬ್ಬಾಕೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಅದು ಅಂಟ್ತೈತೇನ್ರಿ?"

"ಅಂಟಂಗಿದ್ರೆ ಮೂವತ್ತೆರಡು ವರ್ಷ ಒಂದೇ ಹಾಸಿಗ್ಯಾಗ ಮಲಗೀನಿ, ನನಗೆ ಅಂಟ್ತಿರ್ಲಿಲ್ಲೇನೆ?"

"ಹಂಗಲ್ಲ, ಸಣ್ಣ ಹುಡುಗ್ರು ತಿಂತಾವು, ಅದಕ್ಕೆ ಕೇಳಿದೆ."

ಊರಿನ ಕೈಯೆಲ್ಲ ಆಡಿದ ರಾಶಿಯನ್ನು ಇಷ್ಟು ವರ್ಷ ತಿಂದವಳು ಅವಳು.

ನಾನೂ ಒಂದು ಉಪಾಯ ಮಾಡಿದೆ. ಸಣ್ಣ ಬುಟ್ಟಿಯಲ್ಲಿ ಮಂಡಕ್ಕಿ ತುಂಬಿ ಮುಂದಿನ ಕಟ್ಟೆಯ ಮೇಲಿಟ್ಟೆ, ರುಚಿ ನೋಡುವವರು ಅದರಲ್ಲಿ ನೋಡಲಿ ಎಂದು. ಮಗಳಿಗೆ ಬಹಳ ಹಿಡಿಸಿತು. ಆದರೆ ಬುಟ್ಟಿಯನ್ನು ಒಬ್ಬರೂ ಮುಟ್ಟಲಿಲ್ಲ. ಎದುರು ಅಂಗಡಿಯ ಟೇಲರ್, "ಏನಮ್ಮಾ, ಕೋಳಿಗೆ ಇಟ್ಟೀರೇನು?" ಎಂದ. ಇಟ್ಟಿದ್ದನ್ನು ತಿನ್ನುವುದರಲ್ಲಿ ಜನರಿಗೆ ಸುಖವಿಲ್ಲ. ಬುಟ್ಟಿಯದನ್ನು ಒಗ್ಗರಣೆ ಹಾಕಿ ನಾವೇ ತಿಂದೆವು.

ಕೊನೆಗೆ ನಾನೇ ಮುಂದೆ ಕೂತೆ. ಮಗಳು ಒಳಗೆ ಜರಡಿ ಹಿಡಿಯುವುದು, ಚೀಲ ತುಂಬುವುದು. ಅರ್ಧದಷ್ಟು ಗಿರಾಕಿಗಳು ಮರಳಿ ಬಂದರು. ನನ್ನ ಕಾಲು ಊದಿಕೊಂಡು ಸಂಜೆಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಮಗಳು ದಿನಾ ಎದ್ದ ತಕ್ಷಣ ಒಂದೇ ಮಾತು ಕೇಳುತ್ತಿದ್ದಳು.

"ಇವತ್ತು ಅಂಗಡ್ಯಾಗ ನಾನು ಕೂಡ್ಲಾ?"

"ಇವತ್ತು ಬ್ಯಾಡ."

ಅಳುತ್ತಿರಲಿಲ್ಲ, ಜಗಳ ಮಾಡುತ್ತಿರಲಿಲ್ಲ. ಮರುದಿನ ಮತ್ತೆ ಕೇಳುತ್ತಿದ್ದಳು. ನನಗಿದ್ದ ಯೋಚನೆ ಒಂದೇ. ನನ್ನ ಹಿಂದೆ ಇವಳನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಜನ ಇವಳ ಕೈಯಿಂದ ಕೊಂಡರೆ ಇವಳಿಗೆ ಅನ್ನ, ಇಲ್ಲದಿದ್ದರೆ ಇಲ್ಲ. ಉಳಿದದ್ದೆಲ್ಲ ಮಾತು.

ನನಗೆ ಧೈರ್ಯವಿದ್ದದ್ದು ಹರಿಹರದವನ ಮೇಲೆ. ಹರಿಹರದ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟವನು. ಮೂರು ವರ್ಷದಿಂದ ನಮ್ಮಲ್ಲೇ ಚೀಲ ತರಿಸುತ್ತಿದ್ದ. ಮಗಳು ತುಂಬಿ ಹೊಲಿದು ಕೊಡುತ್ತಿದ್ದಳು, ಆಟೋದವನು ಬಸ್ಸಿಗೆ ಹಾಕುತ್ತಿದ್ದ. ಅವನು ಇತ್ತ ಕಡೆ ಬಂದವನೇ ಅಲ್ಲ, ಎಲ್ಲಾ ಫೋನಿನಲ್ಲೇ. "ನಿಮ್ ಮಂಡಕ್ಕ್ಯಾಗ ಒಂದು ಹಳ್ಳು ಮರಳು ಸಿಗಂಗಿಲ್ಲ ನೋಡ್ರಿ" ಎನ್ನುತ್ತಿದ್ದ. ಆ ವರ್ಷ ಮದುವೆ ಬಟ್ಟೆಗೆಂದು ದಾವಣಗೆರೆಗೆ ಬಂದವನು ನಮ್ಮ ಬೀದಿಯಲ್ಲಿ ಅಂಗಡಿ ಎಲ್ಲಿ ಎಂದು ವಿಚಾರಿಸಿದ್ದಾನೆ. ಯಾರೋ, "ಆ ಹುಚ್ಚು ಹುಡುಗಿ ಅಂಗಡಿನಾ?" ಎಂದಿದ್ದಾರೆ. ಅಂಗಡಿವರೆಗೂ ಬರಲಿಲ್ಲ. ಮಾರನೇ ವಾರ ಫೋನು ಮಾಡಿ, ಇನ್ನು ಚೀಲ ಕಳಿಸುವುದು ಬೇಡ ಎಂದ.

ನಾನು ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅವನು ಎದ್ದು ನಿಂತು, "ಬರ್ರಿ ಯಮ್ಮಾ, ಕೂಡ್ರಿ" ಎಂದು ಸ್ಟೂಲು ಒರೆಸಿ ಕೊಟ್ಟ. ಮಿರ್ಚಿ ಕರಿದ, ಮಂಡಕ್ಕಿ ಕಲಸಿಟ್ಟ. ಬೇರೆ ಅಂಗಡಿಯ ಮಂಡಕ್ಕಿ. ಮೊದಲ ಹಿಡಿಯಲ್ಲೇ ಹಲ್ಲಿಗೆ ಮರಳು ಸಿಕ್ಕಿತು.

"ಇದು ಚಲೋ ಐತೇನಪ್ಪಾ?"

"ನಿಮ್ದರಂಗೆ ಇಲ್ಲ ಬಿಡ್ರಿ."

"ಮತ್ಯಾಕ?"

ಅವನು ಎಣ್ಣೆಯಲ್ಲಿ ಜಾಲರಿ ಆಡಿಸುತ್ತ ನಿಂತ. ಕೆಟ್ಟವನಲ್ಲ. "ನನಗೇನಿಲ್ಲ ಯಮ್ಮಾ. ತಿನ್ನೋ ಪದಾರ್ಥ ನೋಡ್ರಿ. ನಾಳೆ ಜನಕ್ಕೆ ಗೊತ್ತಾದ್ರೆ ಏನಂತಾರೆ?"

"ಜನ ಎಲ್ಲಿ ಅದಾರೆ ತೋರ್ಸು."

ಆ ಹೊತ್ತಿಗೆ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ ಮುದುಕ ಇದ್ದ, ಬೆಂಚಿನ ಕೆಳಗೆ ಒಂದು ನಾಯಿ ಇತ್ತು. ಮುದುಕ, "ನಂದೇನೂ ತಕರಾರಿಲ್ಲವ್ವಾ" ಎಂದ. ಮಿರ್ಚಿಯವನು ನಕ್ಕ. ಆಮೇಲೆ ಹತ್ತಿರ ಬಂದು ದನಿ ಇಳಿಸಿದ.

"ಒಂದು ಮಾತು ಹೇಳ್ರಿ ಸಾಕು. ನಾನೇ ತುಂಬ್ತೀನಿ, ಆಕಿ ಮುಟ್ಟಂಗಿಲ್ಲ ಅಂತ. ನಾನೇನು ಬಂದು ನೋಡ್ತೀನಾ? ನಾಳೆಯಿಂದ್ಲೇ ಚೀಲ ಕಳ್ಸ್ರಿ."

ಸುಳ್ಳು ಹೇಳುವುದು ನನಗೆ ಕಷ್ಟವಲ್ಲ, ವ್ಯಾಪಾರ ಮಾಡಿದವಳು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಯೋಚನೆ ಬಂತು. ಇವತ್ತು ನಾನು ತುಂಬುತ್ತೇನೆ ಎಂದರೆ ನಾನಿರುವ ತನಕ ಕೊಳ್ಳುತ್ತಾನೆ. ನಾನು ಮಣ್ಣಿಗೆ ಹೋದ ದಿನ, ಇನ್ನು ತುಂಬುವವರು ಯಾರು ಎಂದು ಕೇಳಿಯೇ ಕೇಳುತ್ತಾನೆ. ಆಗ ಮಗಳು ಏನು ಹೇಳಬೇಕು? ಅವಳಿಗೆ ಸುಳ್ಳು ಬರುವುದಿಲ್ಲ.

"ಆಕೀನೇ ತುಂಬೋದು" ಎಂದೆ. "ಮೂರು ವರ್ಷ ನೀನು ತಿಂದಿದ್ದು, ನಿನ್ನ ಮಕ್ಕಳು ತಿಂದಿದ್ದು ಆಕಿ ತುಂಬಿದ್ದೇ. ಯಾರಿಗಾದ್ರೂ ಏನಾದ್ರೂ ಆತೇನು?"

"ಇಲ್ಲ ಯಮ್ಮಾ."

"ಮತ್ತೆ ಬೇಕಾದ್ರೆ ಆಕಿಗೇ ಫೋನ್ ಮಾಡಿ ಹೇಳು. ನನಗೆ ಮಾಡ್ಬ್ಯಾಡ."

ಅವನು ಮತ್ತೆ ಬಾಣಲೆಯ ಕಡೆ ತಿರುಗಿದ. ಮಿರ್ಚಿ ಅರ್ಧ ತಿಂದಿದ್ದೆ. ಉಳಿದದ್ದನ್ನೂ ತಿಂದು ಎದ್ದೆ, ಚೆನ್ನಾಗಿತ್ತು.

ಬಸ್ಸಿನಲ್ಲಿ ಬರುವಾಗ ಅನ್ನಿಸಿತು, ಹರಿಹರದವನಿಗೆ ಬೇಡ ಎಂದದ್ದನ್ನೇ ನಾನು ದಿನಾ ಮನೆಯಲ್ಲಿ ಮಾಡುತ್ತಿದ್ದೇನೆ. ಮುಂದೆ ಕೂತು ನನ್ನ ಕೈ ತೋರಿಸಿ ಮಾರುತ್ತಿದ್ದೇನೆ. ನಾನು ಒಳಗೆ ಹೋಗಿ ಕೂತರೂ ಉಪಯೋಗವಿಲ್ಲ, ಅಮ್ಮನ್ನ ಕರಿ ಎನ್ನುತ್ತಾರೆ. ಕರೆಯಲು ಅಮ್ಮನೇ ಇರಬಾರದು.

ರಾತ್ರಿ ಊಟ ಮಾಡುವಾಗ ಮಗಳಿಗೆ ಹೇಳಿದೆ.

"ನಾಳೆ ಕಡರನಾಯಕನಹಳ್ಳಿಗೆ ಹೋಗ್ತೀನಿ, ನಿಮ್ಮ ಸೋದರಮಾವನ ಮನಿಗೆ. ಅಂಗಡ್ಯಾಗ ನೀನೇ ಕೂಡು."

"ಯಾವಾಗ ಬರ್ತಿ?"

"ನಾಡಿದ್ದು."

"ನಾಡಿದ್ದು ಎಷ್ಟೊತ್ತಿಗೆ?"

"ಮಧ್ಯಾಹ್ನ ಊಟಕ್ಕೆ."

"ರಾಶಿಗೆ ಕೈ ಹಾಕಿದ್ರೆ?"

"ಕೈ ತಗೀರಿ ಅನ್ನು. ಹಾಳೆ ಎಳೀಬ್ಯಾಡ, ಬಾಯಾಗ ಹೇಳು."

"ಯಾರೂ ತಗೊಳ್ಳದಿದ್ರೆ?"

"ಬಾಗ್ಲು ತಕ್ಕೊಂಡು ಕೂಡು. ಅವರದು ಅವರು ನೋಡ್ಕೊಳ್ಳಲಿ."

ಅವಳು ಹೂಂ ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ನನಗೇ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಶಟರ್ ಎತ್ತಿಸಿ, ಅವಳು ರಾಶಿ ಸುರಿದು ಕೂತದ್ದನ್ನು ನೋಡಿ, ಸೀರೆ ಚೀಲ ಹಿಡಿದು ಆಟೋ ಹತ್ತಿದೆ. ಆಟೋ ಇನ್ನೂ ಹೊರಟಿರಲಿಲ್ಲ, ಹಿಂದಿನ ಬೀದಿಯಾಕೆ ಕೈಚೀಲ ಹಿಡಿದು ಬಂದಳು. ಅಂಟುತ್ತದೆಯೇ ಎಂದು ಕೇಳಿದ್ದವಳೇ.

"ಅಯ್ಯ, ಎಲ್ಲಿಗೆ ಹೊಂಟ್ರಿ? ಎರಡು ಸೇರು ಅಳೆದುಕೊಟ್ಟು ಹೋಗ್ರಿ. ಒಗ್ಗರಣಿ ಹಾಕ್ಬೇಕು, ಹುಡುಗ್ರಿಗೆ ಸ್ಕೂಲಿಗೆ ಹೊತ್ತಾಗೈತೆ."

"ಅಳೆಯಾಕಿ ಕೂತಾಳಲ್ಲ."

"ನೀವೇ ಇಳೀರಿ, ಎಷ್ಟೊತ್ತಿನ ಕೆಲಸ?"

"ನಾ ಇಳಿಯಂಗಿಲ್ಲ. ನನ್ನ ಕೈಯಿಂದ್ಲೇ ಬೇಕಂದ್ರೆ ನಾಡಿದ್ದು ಮಧ್ಯಾಹ್ನ ಬಾ. ಅಲ್ಲೀತನ್ಕ ಹುಡುಗ್ರು ಉಪವಾಸ ಇರ್ಲಿ."

ಅವಳು ನನ್ನನ್ನು ನೋಡಿದಳು, ಅಂಗಡಿ ನೋಡಿದಳು. ಒಳಗಿಂದ ಮಗಳು ಸೇರು ಎತ್ತಿ ಹಿಡಿದು, ಅವಳ ಮುಖ ನೋಡದೆ, "ಎಷ್ಟು ಬೇಕು?" ಎಂದಳು.

ನಾನು ಆಟೋದವನಿಗೆ ನಡಿ ಎಂದೆ.