ಅಣೆಯಾಚೆಗೆ ದಾಟಿಸಿದ ಬಿಳಿಮೀನು

ಟ್ರಂಕಿನ ತಳದಲ್ಲಿ ಹಳೆಯ ಕರವಸ್ತ್ರವೊಂದು ಸಿಕ್ಕಿತು. ನಕ್ಷೆ ಬರೆಯುವ ಟ್ರೇಸಿಂಗ್ ಬಟ್ಟೆಯನ್ನು ನೆನೆಹಾಕಿ, ಗಂಜಿ ತೆಗೆದು ನಾನೇ ಹೊಲಿದದ್ದು. ಮೂಗಿಗೆ ಹಿಡಿದರೆ ಇನ್ನೂ ಸಣ್ಣಗೆ ಇಂಕಿನ ವಾಸನೆ... ಆ ದಿನವೆಲ್ಲ ಒಂದು ಕಡೆ ಕೂರಲಾಗಲಿಲ್ಲ.

ಐವತ್ತರ ದಶಕದ ಕೊನೆ. ಮೈಸೂರಿನ ಇಂಜಿನಿಯರಿಂಗ್ ಕಚೇರಿಯೊಂದರಲ್ಲಿ ನಾನು ಟ್ರೇಸರ್; ನಕ್ಷೆಯ ಮೇಲೆ ಬಟ್ಟೆ ಹಾಸಿ ಇಂಕಿನಲ್ಲಿ ಅದರ ಪ್ರತಿ ತೆಗೆಯುವ ಕೆಲಸ. ಅಪ್ಪ ತೀರಿಹೋಗಿದ್ದರು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಅಗ್ರಹಾರದಿಂದ ನಡೆದೇ ಬರುತ್ತಿದ್ದರು. ಹಣೆ ತುಂಬ ವಿಭೂತಿ. ಅವರ ಮನೆತನದಲ್ಲಿ ಮೀನು ಮುಟ್ಟಿದವರಿಲ್ಲ.

ಕಾವೇರಿಯ ಹಳೇ ಕಲ್ಲಿನ ಅಣೆಯನ್ನು ಎರಡಡಿ ಎತ್ತರಿಸಲು ಆದೇಶ ಬಂತು. ಅಳತೆಗೆ ಹೋಗಿ ಬಂದ ಹೆಡ್ ಡ್ರಾಫ್ಟ್ಸ್‌ಮನ್ ಮೊದಲಿನಂತಿರಲಿಲ್ಲ. ಹೊಸನೀರಿಗೆ ಮೊಟ್ಟೆಯಿಡಲು ಮೇಲಕ್ಕೆ ಹೊರಟ ಬಿಳಿಮೀನುಗಳು ಗೋಡೆಗೆ ಎಗರಿ ಎಗರಿ, ಮೂತಿ ಒಡೆದುಕೊಂಡು ಬೀಳುತ್ತಿದ್ದವಂತೆ. ಕೆಳಗೆ ದೊಣ್ಣೆ ಹಿಡಿದ ಜನ.

"ಈಗ್ಲೇ ನಾಲ್ಕಾರು ದಾಟಿದ್ರೆ ಹೆಚ್ಚು ಕಣಮ್ಮ. ಇನ್ನೂ ಏರಿಸಿದ್ರೆ ಅವುಗಳ ಸಂತಾನವೇ ಮುಗೀತು."

ಅಣೆಯ ಪಕ್ಕದಲ್ಲಿ, ಮೀನು ಹಂತ ಹಂತವಾಗಿ ಹತ್ತಬಲ್ಲ ಮೆಟ್ಟಿಲಿನಂಥ ಕಿರುಗಾಲುವೆಯೊಂದನ್ನು ಅವರು ನಕ್ಷೆಗೆ ಸೇರಿಸಿದರು. ಇಂಜಿನಿಯರ್ ಸಾಹೇಬರು ಅದನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದರು. ಇವರು ಮತ್ತೆ ಬರೆದರು. ಕೊನೆಗೆ ಸಾಹೇಬರು ಹಾಳೆಯನ್ನು ನನ್ನ ಮೇಜಿಗೇ ತಂದಿಟ್ಟು, "ಆ ಮೆಟ್ಟಿಲು ಬಿಟ್ಟು ಟ್ರೇಸ್ ಮಾಡಿ" ಅಂದು ಹೋದರು.

ನನ್ನ ಪೆನ್ನು ಆ ಗೆರೆಯ ಹತ್ತಿರ ಬಂದು ನಿಂತಿತು. ಪಕ್ಕದ ಮೇಜಿನಿಂದ ಅವರು ತಲೆಯೆತ್ತದೆ ಹೇಳಿದರು: "ಬಿಟ್ಬುಡಿ ತಾಯಿ. ನಿಮ್ಮನೇಲಿ ಒಲೆ ಉರೀಬೇಕು."

ಬಿಟ್ಟೆ.

ಅಣೆ ಎದ್ದಿತು. ಮುಂದಿನ ಮುಂಗಾರಿನಲ್ಲಿ ಅವರು ಭಾನುವಾರ ಭಾನುವಾರ ಬಸ್ಸು ಹತ್ತಿ ನದಿಗೆ ಹೋಗತೊಡಗಿದರು. ಮೀನನ್ನು ಜೀವಂತ ಹಿಡಿದುಕೊಡಲು ಇಬ್ಬರು ಮೀನುಗಾರರನ್ನು ಹೇಗೋ ಒಪ್ಪಿಸಿದ್ದರು. ಮನಸ್ಸು ತಡೆಯದೆ ನಾನೂ ಒಂದು ಭಾನುವಾರ ಹೋದೆ. ಬಲೆಗೆ ಬಿದ್ದ ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಅವರು ಪಂಚೆ ಎತ್ತಿಕಟ್ಟಿಕೊಂಡು ಅಣೆ ಪಕ್ಕದ ಜಾರುವ ಬಂಡೆ ಹತ್ತುತ್ತಿದ್ದರು. ಗೋಣಿಯ ಇನ್ನೊಂದು ತುದಿ ನಾನು ಹಿಡಿದೆ. ಅಬ್ಬಾ, ಅದರ ಒದೆತ! ಅಣೆಯಾಚೆ ಮೇಲಿನ ನೀರಿನಲ್ಲಿ ಅದನ್ನು ಹರಿವಿಗೆ ಮುಖಮಾಡಿ ಹಿಡಿದರು. ಅದು ಅಲುಗಲಿಲ್ಲ. "ಹೋಗವ್ವ... ಹೋಗು..." ಕಿವಿರು ಮೆಲ್ಲಗೆ ಆಡಿತು. ಆಮೇಲೆ ಬಾಲದ ಒಂದೇ ಏಟು, ಅವರ ವಿಭೂತಿಯೆಲ್ಲ ತೊಳೆದುಹೋಯಿತು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸರ್ಕಾರಿ ನೌಕರ ನದಿಯಲ್ಲಿ ಮೀನು ಹಿಡಿಯುತ್ತಾನೆಂದು ಯಾರೋ ಅರ್ಜಿ ಹಾಕಿದರು. ಹೊಳೆಯೇ ಇಲ್ಲದ ದೂರದ ಊರಿಗೆ ಅವರಿಗೆ ವರ್ಗವಾಯಿತು. ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದು, "ಭಾನುವಾರ ಪುರುಸೊತ್ತಾದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ಎರಡು ಭಾನುವಾರ ಹೋದೆ. ಮೂರನೆಯದಕ್ಕೆ ಮನೆಯಲ್ಲಿ ಏನೋ ಕೆಲಸ... ಆಮೇಲೆ ಹೋಗಲಿಲ್ಲ. ಕೆಲವು ವರ್ಷಕ್ಕೆ ಅವರು ತೀರಿಕೊಂಡರೆಂದು ಕಾರ್ಡು ಬಂತು.

ಮೊನ್ನೆ ತಡೆಯಲಾರದೆ ಅಣೆಗೆ ಹೋಗಿದ್ದೆ. ನೀರು ಹಾಗೇ ಧುಮುಕುತ್ತಿತ್ತು. ಎಷ್ಟು ಹೊತ್ತು ನೋಡಿದರೂ ಒಂದೂ ಎಗರಲಿಲ್ಲ. ಗಾಳ ಹಾಕಿ ಕೂತಿದ್ದ ಹುಡುಗನನ್ನು ಕೇಳಿದೆ.

"ಬಿಳಿಮೀನಾ? ಎಂಗಿರ್ತವೆ ಅಜ್ಜಿ?"

ಎರಡೂ ಕೈ ಅಗಲಿಸಿ ತೋರಿಸಿದೆ.

"ಅಷ್ಟುದ್ದಾನಾ! ಸುಮ್ಕಿರಿ ಅಜ್ಜಿ," ಎಂದು ನಕ್ಕ.

ನಾನು ಕೈ ಇಳಿಸಲಿಲ್ಲ.