ಗೆದ್ದ ಯುದ್ಧದ ಶಾಲು

ನನ್ನ ಬಾಯಿಗೆ ಬೀಗವಿಲ್ಲ ಎಂಬುದು ಬೆಟಗೇರಿಯ ನಮ್ಮ ಓಣಿಗೆಲ್ಲ ಗೊತ್ತು. ಹೋದ ಆಗಸ್ಟ್‌ನಲ್ಲಿ ಅದೇ ಬಾಯಿಂದ ಅಪ್ಪನನ್ನು ಮುಗಿಸಿದೆ.

ಅಪ್ಪ ಚೀನಾ ಯುದ್ಧಕ್ಕೆ ಹೋದವನು. ಸೋತು, ಸೆರೆ ಸಿಕ್ಕು, ಬಲಗಾಲಿನ ಬೆರಳುಗಳನ್ನೆಲ್ಲ ಹಿಮಕ್ಕೆ ಕೊಟ್ಟು ಬಂದ. ನಮ್ಮದು ನೇಕಾರರ ಮನೆ. ಗುಂಡಿಮಗ್ಗದಲ್ಲಿ ಕೂತವನು ಕೆಳಗಿನ ಹಲಗೆಯನ್ನು ಕಾಲ್ಬೆರಳಿನಿಂದಲೇ ಗುರುತು ಹಿಡಿದು ತುಳಿಯಬೇಕು. ಅಪ್ಪನ ಪಾದ ಜಾರುತ್ತಿತ್ತು, ಸೀರೆಯಲ್ಲಿ ಎಳೆ ತಪ್ಪುತ್ತಿತ್ತು. ಕೆಟ್ಟ ಸೀರೆಯನ್ನು ಅಜ್ಜಿ ಅವನ ಮುಖದ ಮುಂದೆ ಹಿಡಿದು, “ಅಲ್ಲೂ ಹಿಂಗ ಕಾಲು ಜಾರಿ ಓಡಿ ಬಂದ್ಯೇನು?” ಎನ್ನುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಎಳೆ ಬಿಚ್ಚುತ್ತಿದ್ದ. ನಾನೇನು ಕಡಿಮೆಯೇ? ಶಾಲೆಯಲ್ಲಿ ಯಾರಾದರೂ ಅಪ್ಪನ ಕಾಲಿನ ಬಗ್ಗೆ ಕೇಳಿದರೆ, ಚಕ್ಕಡಿ ಹಾಯ್ದಿತ್ತು ಎನ್ನುತ್ತಿದ್ದೆ.

ಆಗಸ್ಟ್‌ನಲ್ಲಿ ಓಣಿಯ ಸಂಘದವರು ಮನೆಗೆ ಬಂದರು. ಸ್ವಾತಂತ್ರ್ಯ ದಿನಕ್ಕೆ ಮಾಜಿ ಸೈನಿಕರಿಗೆ ಸನ್ಮಾನವಂತೆ. ನಮ್ಮ ಕಡೆ ನಿವೃತ್ತ ಕಾರಕೂನನಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುತ್ತವೆ. ಎಂಬತ್ತು ದಾಟಿದರೂ ಅಪ್ಪನಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಸಾಯುವುದರೊಳಗೆ ಒಂದು ಶಾಲು ಅವನ ಹೆಗಲಿಗೆ ಬೀಳಲಿ ಎಂದು ನನಗೆ ಆಸೆ ಹುಟ್ಟಿತು.

“ಅಜ್ಜಾರು ಯಾವ ಯುದ್ಧಕ್ಕ ಹೋಗಿದ್ದರ್ರಿ, ಅಕ್ಕಾರ?” ಸಂಘದ ಅಧ್ಯಕ್ಷ ಕೇಳಿದ.

ಅಪ್ಪ ಬಚ್ಚಲಲ್ಲಿದ್ದ. “ಬಾಂಗ್ಲಾ ಯುದ್ಧಕ್ಕ. ಗೆದ್ದು ಬಂದಾರ,” ಎಂದೆ.

ಅಪ್ಪನಿಗೆ ಇದನ್ನು ಹೇಳಲಿಲ್ಲ. ವೇದಿಕೆಯ ಮೇಲೆ ಅವನನ್ನು ಯಾರು ವಿಚಾರಿಸುತ್ತಾರೆ ಎಂದುಕೊಂಡೆ. ಪಾಪ, ಅವನು ಸನ್ಮಾನದ ದಿನ ಬೆಳಿಗ್ಗೆ ಎರಡು ಸಲ ಗಡ್ಡ ಹೆರೆದುಕೊಂಡ.

ಶಾಲು ಹೊದಿಸಿದರು. ವೈರಿಗಳನ್ನು ಮಂಡಿಯೂರಿಸಿ ಬಂದ ಬಾಂಗ್ಲಾ ಯುದ್ಧದ ವೀರ ಎಂದು ಅಧ್ಯಕ್ಷ ಓದಿದ. ಚಪ್ಪಾಳೆ ನಿಲ್ಲುವವರೆಗೆ ಕಾದು ಅಪ್ಪ ಮೈಕಿಗೆ ಕೈಚಾಚಿದ.

“ನಾ ಅಲ್ಲಿಗೆ ಹೋಗಿಲ್ರಿ. ಚೀನಾ ಯುದ್ಧದಾಗ ಇದ್ದೆ. ಗುಂಡು ತೀರಿದ್ವು, ಓಡಿದ್ವಿ, ಸಿಕ್ಕಿಬಿದ್ವಿ. ನಾವು ಸೋತ್ವಿ.”

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷ ಮೈಕ್ ಕಿತ್ತುಕೊಂಡು, “ಅಜ್ಜಾರಿಗೆ ವಯಸ್ಸಾಗೈತಿ, ನೆನಪು ಹಿಂದ ಮುಂದ ಆಗತಾವ,” ಎಂದ. ಆಮೇಲೆ ನನ್ನನ್ನು ಹುಡುಕಿ, “ಅಕ್ಕಾರ, ನೀವರ ಹೇಳ್ರಿ. ಯಾವ ಯುದ್ಧ?” ಎಂದು ಎಲ್ಲರೆದುರು ಕೇಳಿದ.

ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಭಯವಿರಲಿಲ್ಲ. ಮಗಳು ಖರೆ ಹೇಳುತ್ತಾಳೆ ಎಂಬ ಭರವಸೆಯಿತ್ತು. ನನಗೆ ನಾಚಿಕೆಯಾಯಿತು. ಸುಳ್ಳಿಗಲ್ಲ, ಅವನ ಸೋಲಿಗೆ.

“ಬಾಂಗ್ಲಾ,” ಎಂದೆ.

ಮತ್ತೆ ಚಪ್ಪಾಳೆ ಬಿತ್ತು. ಅಪ್ಪ ಕೂತ.

ಈಗ ಓಣಿಯಲ್ಲಿ ಯಾರಾದರೂ “ಊಟ ಆತೇನ್ರಿ, ಅಜ್ಜಾರ?” ಎಂದರೆ ಅವನು ಉತ್ತರಿಸುವುದಿಲ್ಲ. ನನ್ನ ಕಡೆ ಕೈ ಮಾಡುತ್ತಾನೆ.

“ಆಕಿನ್ನ ಕೇಳ್ರಿ,” ಎನ್ನುತ್ತಾನೆ. “ನಂದೆಲ್ಲ ಆಕಿಗೇ ಗೊತ್ತು.”