ಕಸ್ತೂರೆವ್ವ ಕೆಲಸ ಬಿಟ್ಟದ್ದು

ಮುಂಬಯಿ ಸರ್ಕಾರದ ಕಾಲಕ್ಕೆ ಕಸ್ತೂರೆವ್ವ ರಬಕವಿಯ ದವಾಖಾನೆಯಲ್ಲಿ ನರ್ಸಾಗಿದ್ದಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಮಿರಜಿಗೆ ಹೋಗಿ ಕೆಲಸ ಕಲಿತು ಬಂದವಳು. ನೇಕಾರರ ಓಣಿಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದವು. ಊರೆಲ್ಲ ಅವಳನ್ನು ಬಾಯಾರು ಎನ್ನುತ್ತಿತ್ತು.

ಒಂದು ಬೇಸಿಗೆ ವಾಂತಿಭೇದಿ ಬಂತು. ದವಾಖಾನೆಯ ಪಡಸಾಲೆ ತುಂಬಿ, ಹೊರಗೆ ಬೇವಿನ ಮರದ ಕೆಳಗೂ ಚಾಪೆ ಹಾಸಬೇಕಾಯಿತು. ಜೊತೆಗಿದ್ದ ನರ್ಸ್ ಇಂದ್ರವ್ವ ರೋಗಿಗಳ ಆರೈಕೆ ಮಾಡುತ್ತಲೇ ಜಡ್ಡಿಗೆ ಬಿದ್ದು ಸತ್ತಳು. ಅವಳ ಹೆಣ ಎತ್ತಿದ ಮಧ್ಯಾಹ್ನವೇ ಕಸ್ತೂರೆವ್ವ ಅದೇ ಚಾಪೆ ತೊಳೆದು ಮತ್ತೊಬ್ಬನನ್ನು ಮಲಗಿಸಿದಳು. ಅಳಲು ಹೊತ್ತಿರಲಿಲ್ಲ. ಹೊತ್ತು ಸಿಕ್ಕಾಗ ಅಳು ಬರಲಿಲ್ಲ.

ರೋಗ ಇಳಿದ ಮೇಲೆ ಊರ ಹಿರಿಯರು ಡಾಕ್ಟರಿಗೆ ಹಾರ ಹಾಕಿದರು. ಅವಳಿಗೊಂದು ಸೀರೆ ಕೊಟ್ಟು, "ಭಾಳ ಗಟ್ಟಿ ಹೆಣ್ಣಮಗಳು" ಎಂದು ಹೊಗಳಿದರು. ಇಂದ್ರವ್ವನ ಹೆಸರನ್ನು ಯಾರೂ ಎತ್ತಲಿಲ್ಲ.

ಆಮೇಲೆ ಕಸ್ತೂರೆವ್ವನಿಗೆ ಅನ್ನ ರುಚಿಸದಾಯಿತು, ನಿದ್ದೆ ಹಾರಿಹೋಯಿತು. ರೋಗಿ ನರಳಿದರೆ ಮರುಕದ ಬದಲು ಸಿಟ್ಟು ಬರತೊಡಗಿತು. ಒಂದು ಮುಂಜಾನೆ ಚೊಚ್ಚಲ ಹೆರಿಗೆಗೆ ಬಂದ ಹಣಮವ್ವ "ಯವ್ವಾ, ಸಾಯ್ತೀನಿ" ಎಂದು ಚೀರಿದಾಗ, ಅವಳ ಕೆನ್ನೆಗೆ ಬಾರಿಸಿಬಿಟ್ಟಳು. ಹುಡುಗಿ ಗಪ್ಪಾದಳು. ಕೂಸು ಹುಟ್ಟಿತು. ಅತ್ತೆ ಸಕ್ಕರೆ ಹಂಚುತ್ತ, "ಛಲೋ ಮಾಡಿದ್ರಿ ಬಾಯಾರ, ನಖರಾ ಮಾಡಾಕತ್ತಿದ್ಲು" ಎಂದಳು. ಹಣಮವ್ವ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು.

ಕಸ್ತೂರೆವ್ವ ನೆಟ್ಟಗೆ ಡಾಕ್ಟರ ಕೋಣೆಗೆ ಹೋದಳು.

"ಸಾಹೇಬ್ರ, ಹಡ್ಯಾಕ ಬಂದಾಕಿಗೆ ಹೊಡದೇನ್ರಿ. ನನ್ನ ಮನಸ್ಸು ಸರಿ ಇಲ್ಲ. ಸ್ವಲ್ಪ ದಿನಾ ರಜಾ ಕೊಡ್ರಿ."

ಡಾಕ್ಟರು ನಕ್ಕರು. "ಅಷ್ಟಕ್ಕ ಯಾರರ ರಜಾ ಕೇಳ್ತಾರೇನ್ರಿ? ಮೈಯಾಗ ಜ್ವರಾ ಇದ್ರ ಹೇಳ್ರಿ. ನೀವು ಗಟ್ಟಿ ಅದೀರಿ."

"ಗಟ್ಟಿ ಆಗೇನಿ ಅಂತನ ಅಂಜಿಕಿ ಬಂದೈತ್ರಿ."

ಅವರಿಗದು ತಿಳಿಯಲಿಲ್ಲ. ಅವಳು ಕೆಲಸ ಬಿಟ್ಟಳು.

ಬನಹಟ್ಟಿಗೆ ಹೋಗಿ ಮುರಗೆಪ್ಪನೆಂಬವನ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಲು ಕೂತಳು. ನೂಲು ಹರಿದರೆ ಗಂಟು ಹಾಕಿದರಾಯಿತು, ಅದು ಚೀರುವುದಿಲ್ಲ. ನಿದ್ದೆ ಮೆಲ್ಲಗೆ ಮರಳಿತು. ಅವಳು ನರ್ಸಾಗಿದ್ದದ್ದು ಓಣಿಗೆಲ್ಲ ಗೊತ್ತಿತ್ತು. ಒಂದು ದಿನ ಪಕ್ಕದ ಮನೆಯ ಲಕ್ಷ್ಮವ್ವ ಓಡಿ ಬಂದಳು.

"ಸೊಸಿಗೆ ಬ್ಯಾನಿ ಹತ್ತ್ಯಾವ, ಲಗೂನ ಬಾ ಯಕ್ಕಾ!"

ಕಸ್ತೂರೆವ್ವ ಎದ್ದಳು. ಹೊಸ್ತಿಲ ತನಕ ಬಂದು ನಿಂತಳು.

"ನಾ ಬರೂದಿಲ್ಲಬೇ. ನನ್ನ ಕೈ ಸರಿ ಇಲ್ಲ. ದವಾಖಾನಿಗೆ ಕರಕೊಂಡು ಹೋಗು."

ಸೊಸೆ ದವಾಖಾನೆಯಲ್ಲಿ ಸುಖವಾಗಿ ಹೆತ್ತಳು. ಆದರೂ ಓಣಿಯ ಹೆಂಗಸರು ಕಸ್ತೂರೆವ್ವನ ಸಂಗಡ ಮಾತು ಬಿಟ್ಟರು. ಕೂಸಿಗೆ ಹೆಸರಿಡುವ ದಿನ ಮನೆಮನೆಗೂ ಕರೆ ಹೋಯಿತು, ಅವಳ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ.